ಅದು ಬ್ಯಾರೆ ಮಾತು

ಹುಲಗೂರಿನ ಸುತ್ತಿನ ಒಂದು ಹಳ್ಳಿ. ಊರ ಹೆಸರು ಬೇಡ, ಚಾದಂಗಡಿಯವರ ಹೆಸರೂ ಬೇಡ. ಹೆಸರು ಬರೆದರೆ ತಪ್ಪು ಆ ಒಬ್ಬರದೇ ಎಂದು ಸುತ್ತಿನ ಊರಿನವರೆಲ್ಲ ನಿರುಮ್ಮಳವಾಗಿಬಿಡುತ್ತಾರೆ. ನಾವು ನಾಲ್ಕು ಮಂದಿ ಹೋಗಿ ಚಾ ಕೇಳಿದೆವು. ಬೆಂಚಿನ ಮೇಲೆ ಕೂತವರ ಕೈಯಲ್ಲಿ ಗಾಜಿನ ಗ್ಲಾಸು. ನಮ್ಮ ಕೈಗೆ ಬಂದದ್ದು ಕಾಗದದ ಕಪ್ಪು. ನಮ್ಮ ಅಜ್ಜಂದಿರಿಗೆ ತೆಂಗಿನ ಚಿಪ್ಪು ಇತ್ತು. ಅಪ್ಪಂದಿರಿಗೆ ಹೊರಗಿನ ಗೂಡಿನಲ್ಲಿ ಕವುಚಿಟ್ಟ ಲೋಟ ಇತ್ತು, ಕುಡಿದ ಮೇಲೆ ತಾವೇ ತೊಳೆದಿಡಬೇಕಿತ್ತು. ನಮಗೆ ಕಾಗದ. ಇದಕ್ಕೆ ಪ್ರಗತಿ ಅನ್ನುತ್ತಾರೆ.

ನಮ್ಮಲ್ಲೊಬ್ಬ ಕೇಳಿದ:

"ಅಣ್ಣಾರ, ಎಲ್ಲಾ ಮನಷ್ಯಾರೂ ಒಂದ ಹೌದಲ್ರಿ?"

"ಹೌದೋ ತಮ್ಮಾ, ಅದರಾಗೇನೈತಿ."

"ನಾವೂ ಮನಷ್ಯಾರ ಹೌದಲ್ರಿ?"

"ಅಲ್ಲಂತ ಯಾರಂದ್ರು?"

"ಹಂಗಾರ ನಮಗೂ ಗ್ಲಾಸಿನ್ಯಾಗ ಕೊಡ್ರಿ ಚಾ."

"ಏ, ಅದು ಬ್ಯಾರೆ ಮಾತು."

ಸಿಟ್ಟಿನಿಂದ ಹೇಳಲಿಲ್ಲ. ಬೈಯಲಿಲ್ಲ. ಮಳೆ ಬರೋ ಹಂಗೈತಿ ಅನ್ನುವ ಧಾಟಿಯಲ್ಲೇ ಹೇಳಿ ಒಲೆಯ ಕಡೆ ತಿರುಗಿದರು. ನಾವು ಈ ಮೂರು ಶಬ್ದಗಳ ಮೇಲೆ ಬರೆಯುತ್ತಿದ್ದೇವೆ. ತರ್ಕಶಾಸ್ತ್ರದ ತಳಪಾಯ ಎಲ್ಲಿದೆ ಎಂದು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಹುಡುಕುವವರು ಈ ಚಾದಂಗಡಿಗೂ ಒಮ್ಮೆ ಬಂದು ಹೋಗಲಿ.

ನಮ್ಮ ಜಗಳ ಎರಡು ಕಡೆಯವರ ಜೊತೆ. ಒಂದು ಕಡೆ ಪಂಡಿತರು. ದಲಿತರ ಬರಹದಲ್ಲಿ ನೋವಿದೆ, ಸಿಟ್ಟಿದೆ, ಆದರೆ ತರ್ಕವಿಲ್ಲ ಎಂದು ವಿಮರ್ಶೆ ಬರೆದು ಕೈತೊಳೆದುಕೊಳ್ಳುವವರು. ಇನ್ನೊಂದು ಕಡೆ ನಮ್ಮದೇ ಹುಡುಗರು. ತರ್ಕ ಬ್ರಾಹ್ಮಣರದು, ನಮಗೆ ಅನುಭವ ಸಾಕು, ಆಕ್ರೋಶ ಸಾಕು ಅನ್ನುತ್ತಾರೆ. ಇಬ್ಬರೂ ಒಂದೇ ಮಾತನ್ನು ಎರಡು ಬಾಯಿಂದ ಹೇಳುತ್ತಿದ್ದಾರೆ: ತರ್ಕ ಅವರ ಮನೆಯ ಆಸ್ತಿ. ಖಾತೆ ಮಾಡಿಕೊಟ್ಟವರು ಯಾರು? ಉತಾರ ತೆಗೆಸಿ ನೋಡೋಣ.

ನ್ಯಾಯಶಾಸ್ತ್ರ ಓದಿದ ಯಾರನ್ನು ಕೇಳಿದರೂ ಮೊದಲು ಗುಡ್ಡ ಮತ್ತು ಹೊಗೆಯ ಕತೆ ಹೇಳುತ್ತಾರೆ. ಐದು ಮೆಟ್ಟಿಲು. ಗುಡ್ಡದಲ್ಲಿ ಬೆಂಕಿ ಇದೆ, ಇದು ಪ್ರತಿಜ್ಞೆ. ಯಾಕೆಂದರೆ ಹೊಗೆ ಇದೆ, ಇದು ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇದ್ದ ಹಾಗೆ, ಇದು ಉದಾಹರಣೆ. ಈ ಗುಡ್ಡದಲ್ಲೂ ಅಂಥ ಹೊಗೆ ಇದೆ, ಇದು ಉಪನಯ. ಆದ್ದರಿಂದ ಬೆಂಕಿ ಇದೆ, ಇದು ನಿಗಮನ. ಬೆಂಕಿ ಇಲ್ಲದಲ್ಲಿ ಹೊಗೆಯೂ ಇರುವುದಿಲ್ಲ ಎಂಬುದಕ್ಕೆ ಕೆರೆ-ಮಡುಗಳನ್ನು ತೋರಿಸುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಿ, ಮಾಸ್ತರ್ರ. ಹೊಗೆ-ಬೆಂಕಿಯ ನಂಟು ಎಲ್ಲಿ ಕಲಿತದ್ದು? ಅಡುಗೆಮನೆಯಲ್ಲಿ. ಅಲ್ಲಿ ಕಣ್ಣು ಉರಿಸಿಕೊಂಡು ಊದುಗೊಳವೆ ಊದಿದವಳು ಯಾರು? ಆಕೆಗೆ ಶಾಸ್ತ್ರದ ಅಧಿಕಾರ ಕೊಟ್ಟರೇ? ಇಲ್ಲ. ಆಕೆಯ ಒಲೆಯನ್ನು ಉದಾಹರಣೆಗೆ ತೆಗೆದುಕೊಂಡು ಆಕೆಯನ್ನು ಹೊಸ್ತಿಲ ಒಳಗೇ ಬಿಟ್ಟು ಹೋದರು. ಇನ್ನು ನಮ್ಮ ಪಾಡು. ಹೌದು ಅನ್ನುವುದಕ್ಕೆ ಅಡುಗೆಮನೆ, ಅಲ್ಲ ಅನ್ನುವುದಕ್ಕೆ ಕೆರೆ. ಎರಡೂ ಕಡೆ ನಮಗೆ ಪ್ರವೇಶವಿಲ್ಲ. ಕೆರೆಯ ನೀರು ಮುಟ್ಟಲು 1927ರಲ್ಲಿ ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರನ್ನು ಕರೆದುಕೊಂಡು ಹೋಗಬೇಕಾಯಿತು, ಆಮೇಲೆ ಪೆಟ್ಟು ತಿನ್ನಬೇಕಾಯಿತು. ದೃಷ್ಟಾಂತವನ್ನು ಕಣ್ಣಿಂದ ನೋಡಲೂ ಬಿಡದೆ, ನಿನಗೆ ತರ್ಕ ಬರೋದಿಲ್ಲ ಅಂದರೆ ಏನು ಹೇಳೋಣ?

ಅಷ್ಟಾದರೂ ತರ್ಕ ಅವರದಾಗಿತ್ತೇ? ಅವರೇ ಅದಕ್ಕೆ ಹೆದರಿದ್ದಾರೆ. ಮನುಸ್ಮೃತಿಯ ಎರಡನೆಯ ಅಧ್ಯಾಯ ತೆಗೆದು ನೋಡಿ. ಹೇತುಶಾಸ್ತ್ರವನ್ನು ನೆಚ್ಚಿಕೊಂಡು ಶ್ರುತಿ-ಸ್ಮೃತಿಗಳನ್ನು ಕಡೆಗಣಿಸಿದವನು ದ್ವಿಜನಾದರೂ ಸರಿ, ನಾಸ್ತಿಕನೆಂದು ಹೊರಗೆ ಹಾಕಬೇಕು ಎಂದಿದೆ. ಹನ್ನೆರಡನೆಯ ಅಧ್ಯಾಯದಲ್ಲಿ ತರ್ಕಕ್ಕೆ ಅನುಮತಿ ಉಂಟು, ಆದರೆ ವೇದಕ್ಕೆ ಎದುರಾಗದ ತರ್ಕಕ್ಕೆ ಮಾತ್ರ. ಮಹಾಭಾರತದ ಶಾಂತಿಪರ್ವದಲ್ಲಿ ಒಂದು ನರಿ ತನ್ನ ಹಿಂದಿನ ಜನ್ಮದ ಪಾಪ ಹೇಳಿಕೊಳ್ಳುತ್ತದೆ. ಏನು ಪಾಪ? ತರ್ಕವಿದ್ಯೆಯಲ್ಲಿ ಆಸಕ್ತಿ ಇಟ್ಟುಕೊಂಡು ವೇದವನ್ನು ಪ್ರಶ್ನೆ ಮಾಡಿದ್ದು! ಕೊಲೆ ಮಾಡಿದ್ದಲ್ಲ, ಸುಲಿಗೆ ಮಾಡಿದ್ದಲ್ಲ. ಇನ್ನು ಶೂದ್ರನಿಗೆ ವೇದದ ಅಧಿಕಾರವಿಲ್ಲ ಎಂದು ಬ್ರಹ್ಮಸೂತ್ರದ ಭಾಷ್ಯದಲ್ಲಿ ಸಾಧಿಸುವ ಶಂಕರಾಚಾರ್ಯರು, ವೇದ ಕೇಳಿದ ಶೂದ್ರನ ಕಿವಿಗೆ ಸೀಸ ಮತ್ತು ಅರಗು ತುಂಬಬೇಕೆನ್ನುವ ವಚನವನ್ನು ಆಧಾರವಾಗಿ ತರುತ್ತಾರೆ. ಜಗತ್ತೆಲ್ಲ ಒಂದೇ ಬ್ರಹ್ಮ ಎಂದು ಅಷ್ಟು ಚೊಕ್ಕವಾಗಿ ಸಾಧಿಸಿದ ಬುದ್ಧಿ ಅದೇ. ಎಲ್ಲವೂ ಒಂದೇ ಹೌದು, ಶೂದ್ರನ ಕಿವಿ? ಅದು ಬ್ಯಾರೆ ಮಾತು.

ಆ ಸೀಸದ ವಚನ ಗೌತಮ ಧರ್ಮಸೂತ್ರದ್ದು. ನ್ಯಾಯಸೂತ್ರ ಬರೆದವನ ಹೆಸರೂ ಗೌತಮ. ಇಬ್ಬರೂ ಒಬ್ಬರೇ ಎಂದು ನಾವು ಹೇಳುತ್ತಿಲ್ಲ. ಹೆಸರು ಒಂದಾದರೆ ಆಳೂ ಒಬ್ಬನೇ ಅನ್ನುವುದು ಕೆಟ್ಟ ತರ್ಕ, ಎದುರಾಳಿಯ ಮೇಲೂ ನಾವು ಅದನ್ನು ಬಳಸುವುದಿಲ್ಲ.

ಈ ನೆಲದಲ್ಲಿ ತರ್ಕವನ್ನು ಕೊನೆಯ ತನಕ ನಡೆಸಿದವರು ಬೇರೆಯವರೂ ಇದ್ದರು. ಬೌದ್ಧ ದಿಙ್ನಾಗ ಪ್ರಮಾಣಗಳು ಎರಡೇ ಅಂದ: ಕಣ್ಣಾರೆ ಕಂಡದ್ದು, ಕಂಡದ್ದರಿಂದ ಊಹಿಸಿದ್ದು. ವೇದ ಹೇಳಿದೆ ಅನ್ನುವುದು ಮೂರನೆಯ ಪ್ರಮಾಣವಲ್ಲ. ಅವನ ಹಾದಿಯಲ್ಲೇ ಬಂದ ಧರ್ಮಕೀರ್ತಿ, ಸುಮಾರು ಏಳನೆಯ ಶತಮಾನದವನು, ಬುದ್ಧಿ ಕೆಟ್ಟದ್ದಕ್ಕೆ ಐದು ಗುರುತು ಪಟ್ಟಿ ಮಾಡಿದ. ವೇದವೇ ಪ್ರಮಾಣವೆನ್ನುವುದು, ಜಗತ್ತಿಗೊಬ್ಬ ಕರ್ತನಿದ್ದಾನೆನ್ನುವುದು, ಮುಳುಗು ಹಾಕಿದರೆ ಪುಣ್ಯವೆನ್ನುವುದು, ಮೈ ದಂಡಿಸಿದರೆ ಪಾಪ ಹೋಗುತ್ತದೆನ್ನುವುದು, ಮತ್ತು ಜಾತಿಯ ಸೊಕ್ಕು. ಜಾತಿಯ ಸೊಕ್ಕನ್ನು ಅವನು ಬರೀ ಅನ್ಯಾಯವೆನ್ನಲಿಲ್ಲ, ಬುದ್ಧಿಯ ಕಾಯಿಲೆ ಅಂದ. ತರ್ಕ ನಮ್ಮದಲ್ಲ ಅನ್ನುವ ತಮ್ಮಂದಿರು ಈ ಹೆಸರನ್ನು ಕೇಳಿದ್ದಾರೋ ಇಲ್ಲವೋ. ಕೇಳಿರದಿದ್ದರೆ ತಪ್ಪು ಅವರದಲ್ಲ, ಕಲಿಸದ ಪಠ್ಯದ್ದು.

ಗ್ರೀಕರೂ ಹಾಗೇ. ಪಶ್ಚಿಮದ ತರ್ಕಶಾಸ್ತ್ರ ಕಟ್ಟಿದ ಅರಿಸ್ಟಾಟಲ್ ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದು ಬರೆದ. ಗುಲಾಮ ಬುದ್ಧಿಯ ಮಾತನ್ನು ಕೇಳಿ ತಿಳಿಯಬಲ್ಲನಂತೆ, ಬುದ್ಧಿ ಮಾತ್ರ ಅವನಲ್ಲಿಲ್ಲವಂತೆ. ಅಥೆನ್ಸಿನಲ್ಲೂ ಒಂದು ಚಾದಂಗಡಿ ಇತ್ತು ಅನ್ನಿ.

ಆದರೆ ಅದೇ ಅರಿಸ್ಟಾಟಲ್ ನಮಗೆ ಉಪಯೋಗಕ್ಕೆ ಬರುವ ಒಂದು ಮಾತು ಹೇಳಿದ್ದಾನೆ. ಒಂದೇ ಸಂಗತಿ ಏಕಕಾಲಕ್ಕೆ, ಒಂದೇ ಅರ್ಥದಲ್ಲಿ, ಹೌದೂ ಅಲ್ಲವೂ ಆಗಲಾರದು. ಇದು ತರ್ಕದ ಬುಡ. ಇದನ್ನು ಸಾಧಿಸಿ ತೋರಿಸು ಅಂದರೆ ಆಗುವುದಿಲ್ಲ, ಯಾಕೆಂದರೆ ಸಾಧಿಸುವುದಕ್ಕೂ ಅದೇ ಬೇಕು. ಹಾಗಾದರೆ ಒಪ್ಪದವನಿಗೆ ಏನು ಮಾಡುವುದು? ಅರಿಸ್ಟಾಟಲ್ ಹೇಳುತ್ತಾನೆ: ಅವನು ನಡೆಯುವುದನ್ನು ನೋಡು. ಬಾವಿ ಬಂದಾಗ ಯಾಕೆ ಸುತ್ತಿಕೊಂಡು ಹೋಗುತ್ತಾನೆ? ಬೀಳುವುದೂ ಬೀಳದಿರುವುದೂ ಒಂದೇ ಆಗಿದ್ದರೆ ಸೀದಾ ನಡೆಯಬೇಕಿತ್ತಲ್ಲ. ಬಾಯಿ ಏನೇ ಹೇಳಲಿ, ಕಾಲು ಒಪ್ಪಿಕೊಂಡಿದೆ.

ಈಗ ಚಾದಂಗಡಿಗೆ ಮರಳೋಣ. ಕೆಲವು ಸಮಾಜಶಾಸ್ತ್ರಜ್ಞರು ಹೇಳುವುದುಂಟು: ಜಾತಿಗೆ ಅದರದೇ ತರ್ಕವಿದೆ, ಶುದ್ಧ-ಅಶುದ್ಧದ ತರ್ಕ, ಅದನ್ನು ಹೊರಗಿನ ತರ್ಕದಿಂದ ಅಳೆಯಬಾರದು. ಕೇಳಲು ಚೆಂದ. ನಾವು ಆ ಅಣ್ಣನ ಕೈ ನೋಡಿದೆವು. ಐವತ್ತರ ನೋಟು ಕೊಟ್ಟೆವು. ಅದೇ ಕೈಯಿಂದ ತೆಗೆದುಕೊಂಡರು, ನೀರು ಚಿಮುಕಿಸಲಿಲ್ಲ. ನಾಲ್ಕು ಚಾಕ್ಕೆ ಎಷ್ಟು, ಮರಳಿ ಕೊಡಬೇಕಾದ್ದು ಎಷ್ಟು, ಒಂದು ರೂಪಾಯಿ ಹೆಚ್ಚುಕಡಿಮೆ ಆಗಲಿಲ್ಲ. ಆ ಚಾಕ್ಕೆ ಹಾಕಿದ ಹಾಲು ಎಲ್ಲಿಂದ ಬಂತು? ಡೇರಿಯಿಂದ. ಡೇರಿಯ ಕ್ಯಾನಿನಲ್ಲಿ ನಮ್ಮ ಕೇರಿಯ ಎಮ್ಮೆಯ ಹಾಲೂ ಊರ ಗೌಡರ ಎಮ್ಮೆಯ ಹಾಲೂ ಒಂದಾಗಿ ಬಂದಿರುತ್ತದೆ. ಕೂಡಿಸುವಾಗ, ಕಳೆಯುವಾಗ, ಬಾವಿ ದಾಟುವಾಗ, ಬಡ್ಡಿ ಲೆಕ್ಕ ಹಾಕುವಾಗ ಅವರ ತರ್ಕ ನಮ್ಮದೇ ತರ್ಕ. ಜಾತಿಗೆ ಬೇರೆ ತರ್ಕವಿಲ್ಲ. ಒಂದೇ ತರ್ಕದ ಹಾದಿಗೆ ಒಂದು ಕಡೆ ಬೇಲಿ ಹಾಕಿ, ಇಲ್ಲಿಂದ ಮುಂದೆ ನಡೆಯುವಂತಿಲ್ಲ ಎಂದು ಹಲಗೆ ನೇತುಹಾಕಿದ್ದಾರೆ, ಅಷ್ಟೇ.

1895ರಲ್ಲಿ ಇಂಗ್ಲೆಂಡಿನಲ್ಲಿ ಲೂಯಿ ಕ್ಯಾರಲ್ ಎಂಬ ಗಣಿತದ ಮೇಷ್ಟ್ರು, ಮಕ್ಕಳಿಗೆ ಆಲಿಸಳ ಕತೆ ಬರೆದವನೇ, ಒಂದು ಸಣ್ಣ ಲೇಖನ ಬರೆದ. ಓಟಗಾರ ಅಕಿಲೀಸ, ಅವನೆದುರು ಒಂದು ಆಮೆ. ಅಕಿಲೀಸ ಎರಡು ಮಾತು ಹೇಳುತ್ತಾನೆ. ಆಮೆ ಎರಡನ್ನೂ ಒಪ್ಪುತ್ತದೆ. ಹಾಗಾದರೆ ಮೂರನೆಯದನ್ನೂ ಒಪ್ಪಬೇಕು ಅನ್ನುತ್ತಾನೆ. ಆಮೆ ಅನ್ನುತ್ತದೆ: ಎರಡನ್ನು ಒಪ್ಪಿದರೆ ಮೂರನೆಯದನ್ನು ಒಪ್ಪಬೇಕು ಎಂಬುದು ಇನ್ನೊಂದು ಹೊಸ ಮಾತಾಯಿತಲ್ಲ, ಅದನ್ನೂ ಪುಸ್ತಕದಲ್ಲಿ ಬರಿ. ಬರೆಯುತ್ತಾನೆ. ಆಮೆ ಅದನ್ನೂ ಒಪ್ಪುತ್ತದೆ. ಈಗಲಾದರೂ ಒಪ್ಪು ಅಂದರೆ, ಈ ಮೂರನ್ನು ಒಪ್ಪಿದರೆ ಒಪ್ಪಬೇಕೆಂಬುದು ಮತ್ತೊಂದು ಮಾತು, ಅದನ್ನೂ ಬರಿ. ಹೀಗೆ ಪುಸ್ತಕ ತುಂಬುತ್ತಾ ಹೋಗುತ್ತದೆ. ಆಮೆ ಯಾವುದನ್ನೂ ಅಲ್ಲಗಳೆಯುವುದಿಲ್ಲ. ಯಾವುದಕ್ಕೂ ಕಟ್ಟುಬೀಳುವುದೂ ಇಲ್ಲ.

ತತ್ವಶಾಸ್ತ್ರದವರು ಇದರ ಮೇಲೆ ಇವತ್ತಿಗೂ ಬರೆಯುತ್ತಿದ್ದಾರೆ. ನಮಗೆ ಅದು ಓದಿದ ಕೂಡಲೇ ಗುರುತು ಸಿಕ್ಕಿತು. ಈ ಆಮೆ ನಮ್ಮೂರಿನದು! 1950ರಲ್ಲಿ ಸಂವಿಧಾನದ ಹದಿನೇಳನೆಯ ವಿಧಿ ಜಾರಿಗೆ ತಂದರು, ಅಸ್ಪೃಶ್ಯತೆ ರದ್ದು. ಆಮೆ ತಲೆ ಅಲ್ಲಾಡಿಸಿತು, ಹೌದು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆ ಬರೆದರು, ಹೌದು. 1976ರಲ್ಲಿ ಅದನ್ನೇ ಬಿಗಿ ಮಾಡಿದರು, ಹೌದು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ, ಅದೂ ಹೌದು. ಪುಸ್ತಕ ದಪ್ಪವಾಗುತ್ತಾ ಬಂತು. ಪ್ರತಿಯೊಂದು ಸಾಲೂ ಬೇಕು, ನಾವೇ ಹೋರಾಡಿ ಬರೆಸಿದ್ದೇವೆ, ಒಂದನ್ನೂ ಬಿಟ್ಟುಕೊಡುವುದಿಲ್ಲ. ಆದರೆ ಬರೆದ ಸಾಲು ತಾನಾಗಿ ಎದ್ದು ಬಂದು ಗ್ಲಾಸಿನಲ್ಲಿ ಚಾ ಸುರಿಯುವುದಿಲ್ಲ. ಒಪ್ಪಿದವನು ನಡೆಯಬೇಕು, ನಡೆಯದಿದ್ದರೆ ನಡೆಸುವವರು ಇರಬೇಕು. ತರ್ಕದ ತಳಪಾಯ ಇನ್ನೊಂದು ವಾಕ್ಯವಲ್ಲ. ಕೊಟ್ಟ ಮಾತಿಗೆ ಕಟ್ಟುಬೀಳುವ ಜನ ಅದರ ತಳಪಾಯ. ಜನವೇ ಕಟ್ಟುಬೀಳದಿದ್ದರೆ ಹೇತು, ನಿಗಮನಗಳೆಲ್ಲ ಗೋಡೆಯ ಮೇಲೆ ಬರೆದ ಸುವಿಚಾರ.

ಸವಣೂರು ಹುಲಗೂರಿಗೆ ದೂರವೇನಲ್ಲ. 1970ರ ದಶಕದ ಮೊದಲಲ್ಲೇ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. 1993ರಲ್ಲಿ ಕಾಯ್ದೆ ಬಂತು. 2010ರ ಜುಲೈಯಲ್ಲಿ ಸವಣೂರಿನ ಭಂಗಿ ಕುಟುಂಬದವರು ಪುರಸಭೆಯ ಮುಂದೆ ನಿಂತು ಮಲವನ್ನು ಮೈಗೆ ಬಳಿದುಕೊಂಡರು. ತಲೆಮಾರುಗಳಿಂದ ಊರ ಹೊಲಸು ಬಳಿದವರನ್ನು ಅವರಿದ್ದ ಜಾಗದಿಂದ ಎಬ್ಬಿಸಲು ಹೊರಟಿದ್ದರು, ಅಲ್ಲಿ ಅಂಗಡಿ ಮಳಿಗೆ ಕಟ್ಟಬೇಕಿತ್ತು. ಪತ್ರಿಕೆಗಳಲ್ಲಿ ಫೋಟೋ ಬಂತು, ನಾಡು ಮುಖ ಮುಚ್ಚಿಕೊಂಡಿತು. ಕೆಲವರು, ಇದೆಂಥ ಪ್ರತಿಭಟನೆ, ಕೂತು ಮಾತಾಡಿ ಬಗೆಹರಿಸಿಕೊಳ್ಳಬಾರದಿತ್ತೇ ಅಂದರು. ಅವರಿಗೆ ನಮ್ಮ ಉತ್ತರ: ಅದು ಮಾತೇ ಆಗಿತ್ತು. ಈ ಕೆಲಸ ಯಾರೂ ಮಾಡಕೂಡದು ಎಂದು ಒಪ್ಪಿದ್ದೀರಿ. ಇವರು ಮಾಡುತ್ತಿದ್ದಾರೆಂದು ನಿಮಗೆ ಗೊತ್ತು. ಇನ್ನು ಉಳಿದದ್ದು ಕೊನೆಯ ಮೆಟ್ಟಿಲು. ಕಾಗದದ ಮೇಲೆ ಕಾಣದ ನಿಗಮನವನ್ನು ಅವರು ಮೈಮೇಲೆ ಬರೆದು ತೋರಿಸಿದರು. ಅದನ್ನು ಬರೀ ಆಕ್ರೋಶ ಅನ್ನುವವರಿಗೆ ಓದಲು ಬರುವುದಿಲ್ಲ. ಆಮೇಲೆ 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಪುಸ್ತಕದಲ್ಲಿ ಇನ್ನೊಂದು ಸಾಲು.

ಬಸವಲಿಂಗಪ್ಪನವರ ಹೆಸರು ಬಂದದ್ದಕ್ಕೆ ನೆನಪಾಯಿತು. 1973ರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅದೊಂದು ಪ್ರತಿಜ್ಞೆ. ತಪ್ಪಾಗಿದ್ದರೆ ಹೇತು ಕೊಟ್ಟು, ಉದಾಹರಣೆ ಕೊಟ್ಟು ಮುರಿಯಬಹುದಿತ್ತು. ಉತ್ತರವಾಗಿ ಬಂದದ್ದು ಕಲ್ಲು ಮತ್ತು ಬಡಿಗೆ, ಪೆಟ್ಟು ತಿಂದವರು ದಲಿತ ವಿದ್ಯಾರ್ಥಿಗಳು, ಮಂತ್ರಿಪದವಿ ಹೋದದ್ದು ಬಸವಲಿಂಗಪ್ಪನವರದು. ನಮಗೆ ತರ್ಕವಿಲ್ಲ ಅನ್ನುವವರು ಆ ವರ್ಷದ ಪತ್ರಿಕೆಗಳನ್ನು ಒಮ್ಮೆ ತಿರುವಿ ನೋಡಲಿ.

ಅದಕ್ಕೂ ಮೊದಲು, ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನು 1936ರ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಕರೆದರು. ಹೆಸರೇ ಜಾತಿ ಮುರಿಯುವ ಮಂಡಲ. ಅವರು ಬರೆದ ಭಾಷಣದಲ್ಲಿ ತರ್ಕ ನೆಟ್ಟಗೆ ನಡೆದಿತ್ತು: ಜಾತಿ ಹೋಗಬೇಕು, ಜಾತಿಗೆ ಆಧಾರ ಶಾಸ್ತ್ರಗಳ ಪ್ರಾಮಾಣ್ಯ, ಆದ್ದರಿಂದ ಆ ಪ್ರಾಮಾಣ್ಯ ಹೋಗಬೇಕು. ಮನು ಹೇತುಶಾಸ್ತ್ರದ ಬಾಯಿ ಮುಚ್ಚಿಸಿದ ವಿಷಯವೂ ಅದರಲ್ಲಿದೆ. ಮಂಡಲದವರು ಮೊದಲಿನದನ್ನು ಒಪ್ಪಿದವರೇ. ಕೊನೆಯದು ಬಂದಾಗ, ಅಷ್ಟು ಮಾತ್ರ ತೆಗೆದುಬಿಡಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಬಾಬಾಸಾಹೇಬರು ಉತ್ತರ ಕೊಟ್ಟರು. ಸಮ್ಮೇಳನವೇ ರದ್ದಾಯಿತು. ಭಾಷಣವನ್ನು ಅವರು ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು.

ನಮ್ಮ ಹುಡುಗರಿಗೆ ಇನ್ನೂ ಹತ್ತಿರದ ತರ್ಕ ಬೇಕೆಂದರೆ ಹನ್ನೆರಡನೆಯ ಶತಮಾನದ ಕಾಳವ್ವೆ ಇದ್ದಾಳೆ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ. ಆಕೆಯ ವಾದ ಹೀಗೆ ಸಾಗುತ್ತದೆ. ಕುರಿ, ಕೋಳಿ, ಮೀನು ತಿನ್ನುವವರು ಮೇಲಿನವರು, ದನ ತಿನ್ನುವವರು ಕೀಳು ಅನ್ನುತ್ತೀರಿ. ಸರಿ, ಆ ದನದ ತೊಗಲೇ ತುಪ್ಪದ ಚೀಲವಾಯಿತು, ನೀರಿನ ಚೀಲವಾಯಿತು. ಅದರೊಳಗಿನ ತುಪ್ಪ, ಅದರೊಳಗಿನ ನೀರು ಶುದ್ಧವೆಂದು ವಿಪ್ರರು ಉಣ್ಣುತ್ತಾರೆ. ಮುಟ್ಟಿದವನು ಕೀಳಾದರೆ ಉಂಡವನು ಏನು? ಎದುರಾಳಿಯ ಮಾತನ್ನೇ ಹಿಡಿದು, ಅದರ ಬೆನ್ನ ಮೇಲೆ ಕೂತು, ಅವನ ಅಡುಗೆಮನೆಯ ತನಕ ಓಡಿಸಿಕೊಂಡು ಹೋಗುವುದು ಇದು. ನ್ಯಾಯಶಾಸ್ತ್ರದವರು ಇದೇ ಬಗೆಗೆ ತರ್ಕವೆಂಬ ಹೆಸರಿಟ್ಟಿದ್ದಾರೆ: ನೀನು ಹೇಳಿದ್ದು ನಿಜವಾದರೆ ಇಂಥ ಒಪ್ಪಲಾಗದ್ದು ಬರುತ್ತದೆ ಎಂದು ತೋರಿಸುವುದು. ಕಾಳವ್ವೆ ಯಾವ ಪಾಠಶಾಲೆಗೆ ಹೋಗಿದ್ದಳು?

ಹುಲಗೂರಿನವರಿಗೆ ಶಿಶುನಾಳ ಶರೀಫರ ಕತೆ ನಾವು ಹೇಳಬೇಕಾಗಿಲ್ಲ. 1819ರಲ್ಲಿ ಹುಟ್ಟಿದವರು, 1889ರಲ್ಲಿ ತೀರಿಕೊಂಡವರು, ಕೆಲವು ಕಾಲ ಸಾಲಿ ಮಾಸ್ತರಾಗಿದ್ದವರು. ತಂದೆ ಇಮಾಮ ಸಾಹೇಬರು ಹುಲಗೂರಿನ ಖಾದರಿಯವರಿಗೆ ನಡೆದುಕೊಳ್ಳುತ್ತಿದ್ದರೆಂದು ಜನ ಹೇಳುತ್ತಾರೆ. ಕಳಸದ ಗೋವಿಂದ ಭಟ್ಟರು ಹುಡುಗನನ್ನು ನಿಮ್ಮಪ್ಪ ಯಾರೆಂದು ಕೇಳಿದರಂತೆ. ನಿಮ್ಮಪ್ಪ ಯಾರೋ ಅವನೇ ನಮ್ಮಪ್ಪ ಅಂದನಂತೆ ಹುಡುಗ. ಎಲ್ಲರಿಗೂ ತಂದೆ ಒಬ್ಬನೇ ಎಂದು ದಿನಾ ಪೂಜೆಯಲ್ಲಿ ಹೇಳುವವರಿಗೆ ಅವರ ಮಾತನ್ನೇ ತಿರುಗಿಸಿ ಕೊಟ್ಟ. ಹುಡುಗನ ಜಾಣತನಕ್ಕಿಂತ ನಮಗೆ ದೊಡ್ಡದಾಗಿ ಕಾಣುವುದು ಭಟ್ಟರು ಆಮೇಲೆ ಮಾಡಿದ್ದು. ಕರೆದುಕೊಂಡು ಹೋದರು, ಕಲಿಸಿದರು, ಜೊತೆಗೆ ಉಂಡರು, ತಮ್ಮ ಜಾತಿಯವರ ಸಿಟ್ಟಿಗೆ ಗುರಿಯಾದರು. ಶರೀಫನಿಗೆ ಜನಿವಾರ ಹಾಕಿದರು ಅನ್ನುವ ಕತೆಯೂ ಇದೆ. ಅದು ಬ್ಯಾರೆ ಮಾತು ಎಂದು ಬರೆದುಬಿಡುತ್ತಿದ್ದೆವು, ನಾಲಿಗೆ ಕಚ್ಚಿಕೊಂಡೆವು. ಬ್ಯಾರೆ ಮಾತಲ್ಲ. ಜೊತೆಗೆ ಕೂರಲು ದಾರ ಬೇಕಾಯಿತು ಅಂದರೆ ಮನುಷ್ಯನಾಗಿರುವುದು ಸಾಲದೆ ಹೋಯಿತು ಎಂದಂತೆ. ಭಟ್ಟರ ಮೇಲಿನ ಗೌರವ ಇಟ್ಟುಕೊಂಡೇ ಇದನ್ನು ಹೇಳುತ್ತೇವೆ.

ಇನ್ನು ಸಾಕ್ಷಿಯ ವಿಷಯ. ನ್ಯಾಯದವರು ನಂಬಬಹುದಾದವನ ಮಾತನ್ನೂ ಪ್ರಮಾಣವೆನ್ನುತ್ತಾರೆ, ಅವನಿಗೆ ಆಪ್ತ ಎಂದು ಹೆಸರು. ಕಂಡದ್ದನ್ನು ಕಂಡಹಾಗೆ ಹೇಳುವವನು ಆಪ್ತ, ಅವನು ಋಷಿಯಾದರೂ ಆದೀತು, ಆರ್ಯನಾದರೂ ಆದೀತು, ಮ್ಲೇಚ್ಛನಾದರೂ ಆದೀತು ಎಂದು ವಾತ್ಸ್ಯಾಯನನ ಭಾಷ್ಯದಲ್ಲೇ ಇದೆ. ಅಂದಮೇಲೆ ನಮ್ಮ ಕೇರಿಯ ಹೆಣ್ಣುಮಗಳು ಕಂಡದ್ದನ್ನು ಹೇಳಿದರೆ ಅದೂ ಪ್ರಮಾಣವೇ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹೊಗೆ ಇತ್ತು, ಬೆಂಕಿ ಇತ್ತು, ಏಳು ಹೆಣ ಇದ್ದವು. ಹಚ್ಚಿದ ಕೈ ಇಲ್ಲ. ಸಾಕ್ಷಿ ನುಡಿದು ಸಂಜೆಗೆ ಅದೇ ಊರಿಗೆ, ಅದೇ ಹೊಲದ ಕೂಲಿಗೆ ಮರಳಬೇಕಾದವರ ನಾಲಿಗೆಗೆ ಏನಾಗುತ್ತದೆ ಎಂಬುದು ಪ್ರಮಾಣಶಾಸ್ತ್ರದ ಯಾವ ಅಧ್ಯಾಯದಲ್ಲೂ ಇಲ್ಲ. ಬರೆಯುವುದಾದರೆ ಮೊದಲ ಅಧ್ಯಾಯದಲ್ಲಿ ಬರೆಯಬೇಕು. ಗೇಣು ಹೊಲವೂ ಇಲ್ಲದವನು ಆಪ್ತನಾಗಿ ಉಳಿಯುವುದು ಬಹಳ ಕಷ್ಟ.

ಬರೀ ಅನುಭವ ಸಾಕು ಅನ್ನುವ ತಮ್ಮಂದಿರಿಗೆ ಈಗ ಕೊನೆಯದಾಗಿ ಒಂದು ಮಾತು. ಕಾಲಾಮರಿಗೆ ಬುದ್ಧ ಹೇಳಿದ್ದನ್ನು ನೀವು ಪೋಸ್ಟರಿನಲ್ಲಿ ಬರೆಯುತ್ತೀರಿ: ಪರಂಪರೆಯೆಂದು ನಂಬಬೇಡ, ಗ್ರಂಥದಲ್ಲಿದೆಯೆಂದು ನಂಬಬೇಡ. ಅದೇ ಪಟ್ಟಿಯಲ್ಲಿ ಬರೀ ತರ್ಕಕ್ಕೆ ಕೂಡುತ್ತದೆಂದೂ ನಂಬಬೇಡ, ನಮ್ಮ ಗುರು ಹೇಳಿದನೆಂದೂ ನಂಬಬೇಡ ಎಂದಿದೆ. ಅದನ್ನು ಬಿಟ್ಟು ಬರೆಯುತ್ತೀರಿ. ನಮ್ಮ ಅನುಭವ ನಮಗೆ ಹೇತು ಕೊಡುತ್ತದೆ, ನಿಗಮನವನ್ನು ಪುಕ್ಕಟೆ ಕೊಡುವುದಿಲ್ಲ. ಅನುಭವವೇ ಸಾಕಾಗಿದ್ದರೆ ನಮ್ಮಲ್ಲೇ ಹೊಲಗೇರಿ ಮಾದಿಗಕೇರಿಗಳ ನಡುವೆ ಉಣ್ಣುವುದು, ಹೆಣ್ಣು ಕೊಡುವುದು ತರುವುದು ಯಾವತ್ತೋ ಆಗಿಹೋಗಬೇಕಿತ್ತು. ಪೆಟ್ಟು ಇಬ್ಬರಿಗೂ ಬಿದ್ದಿದೆ. ಬೀಗತನದ ಮಾತು ತೆಗೆದರೆ ನಮ್ಮ ಹಿರಿಯರೂ ಅದೇ ಮೂರು ಶಬ್ದ ಹೇಳುತ್ತಾರೆ.

ಹಿರಿಯರು ಮಾತ್ರವಲ್ಲ. ಹೋದ ಸಲ ನಾವು ಹುಲಗೂರಿನಲ್ಲಿ ಸಭೆ ಸೇರಿದಾಗ ಸಮಾನತೆಯ ಮೇಲೆ ಮೂರು ತಾಸು ಮಾತಾಡಿದೆವು. ಹಿತ್ತಲಲ್ಲಿ ನಾಲ್ಕು ಮಂದಿ ಹೆಣ್ಣುಮಕ್ಕಳು ರೊಟ್ಟಿ ಬಡಿದರು, ಪಲ್ಯ ಮಾಡಿದರು. ಉಂಡಮೇಲೆ ಒಬ್ಬ ತಂಗಿ ಬಾಗಿಲಲ್ಲಿ ನಿಂತು ಕೇಳಿದಳು: "ಎಲ್ಲಾರೂ ಒಂದ ಅಂತ ಒಳಗಿಂದ ಕೇಳಾಕತ್ತಿತ್ತು. ಈ ಭಾಂಡಿ ಯಾರು ತಿಕ್ಕವರು?" ನಮ್ಮಲ್ಲೊಬ್ಬ, ಚಾದಂಗಡಿಯಲ್ಲಿ ಪ್ರಶ್ನೆ ಕೇಳಿದವನೇ, ನಗುತ್ತಾ ಅಂದ: "ಅಕ್ಕಾ, ಅದು ಬ್ಯಾರೆ ಮಾತು."

ಅಂದಮೇಲೆ ಅವನಿಗೇ ಕೇಳಿಸಿತು. ನಾವೆಲ್ಲ ಎದ್ದು ಹಿತ್ತಲಿಗೆ ಹೋಗಿ ಭಾಂಡಿ ತಿಕ್ಕಿದೆವು. ಬೂದಿ ಎಲ್ಲಿದೆ, ನಾರು ಎಲ್ಲಿದೆ ಎಂದು ಆಕೆಯನ್ನೇ ಕೇಳಬೇಕಾಯಿತು. ಮುಗಿಸಿ ಕೈ ಒರೆಸಿಕೊಂಡು ನಿಂತಾಗ ಆಕೆ ಅಂದಳು: "ಇವತ್ತು ತಿಕ್ಕಿದ್ರಿ. ನಾಳೆ ನಿಮ್ಮ ನಿಮ್ಮ ಮನ್ಯಾಗ?"